ಹಡಗಿನ ಮೋರ್ಸ್ ಕೇಳಲು ದೇವರಾಯನದುರ್ಗದ ತಪ್ಪಲಿಗೆ: ಹೋಗುವವರಿಗೆ ಒಂದಿಷ್ಟು ಮಾತು

ಮೊದಲು ತಾರೀಖು ಸರಿಯಾಗಿ ಗುರುತು ಹಾಕಿಕೊಳ್ಳಿ. ಹಡಗುಗಳಿಗೆ ಮೋರ್ಸ್ ಸಂಕೇತದಲ್ಲಿ ಸುದ್ದಿ ಕಳಿಸುತ್ತಿದ್ದ ಹಳೆಯ ರೇಡಿಯೊ ಸ್ಟೇಷನ್ನೊಂದು ನೆನಪಿಗಾಗಿ ಮತ್ತೆ ಪ್ರಸಾರ ಮಾಡುವ ಈ ರಾತ್ರಿಯನ್ನು ಅಮೆರಿಕದವರು ಜುಲೈ 12ರ ‘ನೈಟ್ ಆಫ್ ನೈಟ್ಸ್’ ಅಂತ ಕರೆಯುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ಅವತ್ತು ಸಂಜೆ 5 ಗಂಟೆ 1 ನಿಮಿಷಕ್ಕೆ ಶುರು. ಆ ಹೊತ್ತಿಗೆ ನಮ್ಮ ತುಮಕೂರಿನಲ್ಲಿ 13ನೇ ತಾರೀಖು ಬೆಳಗಿನ ಜಾವ 5 ಗಂಟೆ 31 ನಿಮಿಷ ಆಗಿರುತ್ತದೆ. ಹಾಗಾಗಿ 12ರ ರಾತ್ರಿ ಜಾಗದಲ್ಲಿ ಇರಬೇಕು, 13ರ ಬೆಳಗ್ಗೆ ಕೇಳಬೇಕು.

ಏನು ಕೇಳುವುದು ಅಂತೀರಾ? ಕೆಪಿಹೆಚ್ ಅನ್ನುವ ಕರಾವಳಿ ರೇಡಿಯೊ ಸ್ಟೇಷನ್ನು. ಸ್ಯಾನ್ ಫ್ರಾನ್ಸಿಸ್ಕೊದ ಪ್ಯಾಲೆಸ್ ಹೋಟೆಲ್‌ನಲ್ಲಿ ಹುಟ್ಟಿದ್ದರಿಂದ ಮೊದಲು ಅದರ ಹೆಸರು ಬರೀ ಪಿಹೆಚ್. ಆಮೇಲೆ ಮುಂದೆ ಒಂದು ಕೆ ಸೇರಿತು. ಪೆಸಿಫಿಕ್ ಸಾಗರದ ಹಡಗುಗಳಿಗೆ ಹವಾಮಾನ, ಸರಕಿನ ವಿಷಯ, ಮನೆಯ ಸುದ್ದಿ ಎಲ್ಲವನ್ನೂ ಮೋರ್ಸ್‌ನಲ್ಲಿ ಕಳಿಸುತ್ತಿದ್ದ ಸ್ಟೇಷನ್ ಇದು. 1997ರಲ್ಲಿ ಅದನ್ನು ಮುಚ್ಚಿದರು. 1999ರ ಫೆಬ್ರವರಿಯಲ್ಲಿ ಜಗತ್ತಿನ ದೊಡ್ಡ ಹಡಗುಗಳೆಲ್ಲ ಉಪಗ್ರಹದ ಹೊಸ ವ್ಯವಸ್ಥೆಗೆ ಬಂದವು. ಅದೇ ವರ್ಷ ಜುಲೈ 12ಕ್ಕೆ ಅಮೆರಿಕದಲ್ಲಿ ಕೊನೆಯ ವಾಣಿಜ್ಯ ಮೋರ್ಸ್ ಸಂದೇಶ ಹೋಯಿತು. 1844ರಲ್ಲಿ ಸ್ಯಾಮ್ಯುಯೆಲ್ ಮೋರ್ಸ್ ಕಳಿಸಿದ್ದ ಸಾಲನ್ನೇ ಅವತ್ತು ಮತ್ತೆ ಕಳಿಸಿ ಬಾಗಿಲು ಹಾಕಿದರು.

ಮುಚ್ಚಿದ್ದ ಕೆಪಿಹೆಚ್ ಬಾಗಿಲನ್ನು ಮತ್ತೆ ತೆಗೆದವರು ಸ್ವಯಂಸೇವಕರು. ಮ್ಯಾರಿಟೈಮ್ ರೇಡಿಯೊ ಹಿಸ್ಟಾರಿಕಲ್ ಸೊಸೈಟಿ ಅಂತ ಅವರ ಸಂಘದ ಹೆಸರು. ಕೆಲವರು ಹಿಂದೆ ಇದೇ ಕೆಲಸ ಮಾಡುತ್ತಿದ್ದ ಆಪರೇಟರ್‌ಗಳು, ಇನ್ನು ಕೆಲವರು ಸುಮ್ನೆ ಹುಚ್ಚು ಹತ್ತಿಸಿಕೊಂಡವರು. ಆ ಜಾಗ ಈಗ ಪಾಯಿಂಟ್ ರೇಯ್ಸ್ ರಾಷ್ಟ್ರೀಯ ಕಡಲತೀರಕ್ಕೆ ಸೇರಿದೆ. ಅಲ್ಲಿನ ಪಾರ್ಕ್ ಇಲಾಖೆಯ ಜೊತೆ ಸೇರಿ ಹಳೆಯ ಆರ್‌ಸಿಎ ಟ್ರಾನ್ಸ್‌ಮಿಟರ್‌ಗಳನ್ನು ರಿಪೇರಿ ಮಾಡಿ, ವಾಲ್ವ್ ಹುಡುಕಿ ತಂದು, ಪ್ರತಿ ವರ್ಷ ಆ ಕೊನೆಯ ಸಂದೇಶದ ನೆನಪಿಗೆ ಮತ್ತೆ ಕೀಲಿ ಒತ್ತುತ್ತಾರೆ. ಶನಿವಾರಗಳಲ್ಲೂ ಪ್ರಸಾರ ಇರುತ್ತದೆ. ಅಂದರೆ ಜುಲೈ ತಪ್ಪಿದರೆ ವರ್ಷವೆಲ್ಲ ಕಾಯಬೇಕಾಗಿಲ್ಲ.

ಆ ಸ್ಟೇಷನ್ನಿನ ವಿನ್ಯಾಸ ನೋಡಿದರೆ ನಮ್ಮ ಪ್ರವಾಸಕ್ಕೆ ಬೇಕಾದ ಮುಖ್ಯ ಪಾಠ ಅದರಲ್ಲೇ ಇದೆ. ಕಳಿಸುವ ಯಂತ್ರಗಳು ಬೊಲಿನಾಸ್ ಅನ್ನುವ ಊರಲ್ಲಿ. ಆ ತಾಣವನ್ನು ಮಾರ್ಕೋನಿ ಕಂಪನಿ 1913-14ರ ಹೊತ್ತಿಗೆ ಕಟ್ಟಿತು. ಕೇಳುವ ಮನೆ ಅಲ್ಲಿಂದ 20 ಕಿ.ಮೀ.ಗೂ ಜಾಸ್ತಿ ದೂರ, ಪಾಯಿಂಟ್ ರೇಯ್ಸ್‌ನ ಬಯಲಲ್ಲಿ. ತಮ್ಮದೇ ಟ್ರಾನ್ಸ್‌ಮಿಟರ್‌ನ ಗದ್ದಲ ತಮ್ಮ ಕಿವಿಗೆ ಬೀಳಬಾರದು ಅಂತ ಅಷ್ಟು ದೂರ ಹೋದರು. ರೇಡಿಯೊ ಕೇಳುವವನಿಗೆ ಬೇಕಾದ್ದು ಗದ್ದಲ ಇಲ್ಲದ ಜಾಗ. ನಾವು ಬಹಳ ಜನ ಎತ್ತರದ ಜಾಗ ಹುಡುಕುತ್ತೇವೆ.

ದೇವರಾಯನದುರ್ಗಕ್ಕೆ ಹೋಗೋಣ ಅಂದಾಗ ನಮ್ಮ ಗುಂಪಿನಲ್ಲೂ ಎಲ್ಲರ ಕಣ್ಣು ಬೆಟ್ಟದ ತುದಿಯ ಮೇಲೇ ಇತ್ತು. ಸಮುದ್ರ ಮಟ್ಟದಿಂದ ಸುಮಾರು 1,200 ಮೀಟರ್ ಎತ್ತರ, ತುಮಕೂರಿನಿಂದ 15 ಕಿ.ಮೀ. ಆಸುಪಾಸು. ಬೆಂಗಳೂರಿನಿಂದ ಬರುವವರು ಡಾಬಸ್‌ಪೇಟೆಯಲ್ಲಿ ಹೆದ್ದಾರಿ ಬಿಟ್ಟು ಒಳಗೆ ಬರಬಹುದು. ಸ್ವಂತ ಗಾಡಿ ಇದ್ದರೆ ಒಳ್ಳೆಯದು. ಸಾಮಾನು ಇಟ್ಟುಕೊಂಡು ಬಸ್ ನಂಬಿ ಬೆಳಗಿನ ಜಾವದ ಕೆಲಸ ಆಗುವುದಿಲ್ಲ.

ಸಂಜೆ ಮೇಲೆ ಹತ್ತಿ ರೇಡಿಯೊ ಹಾಕಿ ನೋಡಿದೆವು. ನೋಟ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಂಗಡಿಗಳ ಎಲ್‌ಇಡಿ ಬಲ್ಬು, ಬೀದಿ ದೀಪ ಎಲ್ಲ ಸೇರಿ ಕಿರುತರಂಗದ (ಶಾರ್ಟ್ ವೇವ್) ಮೇಲೆ ಕಿರ್ರ್ ಅಂತ ಒಂದೇ ಸದ್ದು. ಪೊಲೀಸ್ ವೈರ್‌ಲೆಸ್ಸಿಗೆ, ಎಫ್‌ಎಂಗೆ ಎತ್ತರ ಬೇಕು. ಅವು ನೇರ ದಾರಿಯಲ್ಲಿ ಹೋಗುವ ಅಲೆಗಳು. ಕಿರುತರಂಗ ಮೇಲಿನ ವಾತಾವರಣದ ಅಯಾನುಗೋಳಕ್ಕೆ ಬಡಿದು ಬಾಗಿ ಬರುತ್ತದೆ, ಅದಕ್ಕೆ ಬೆಟ್ಟವೂ ಒಂದೇ ಹೊಲವೂ ಒಂದೇ. ಜೊತೆಗೆ ಕೋತಿಗಳು. ತಂತಿ ಎಳೆಯುತ್ತಿದ್ದಂತೆ ಒಂದು ಬಂದು ಇನ್ಸುಲೇಟರ್ ಕಿತ್ತುಕೊಂಡು ಭೋಗನರಸಿಂಹ ದೇವಸ್ಥಾನದ ಕಡೆ ಓಡಿತು. ರಾತ್ರಿ ಮೇಲೆ ಉಳಿಯುವ ಆಸೆಯೂ ಬೇಡ. ಸುತ್ತಲೂ ಕಾಡು, ಚಿರತೆ ಕರಡಿ ಓಡಾಡುವ ಜಾಗ. ಅರಣ್ಯದ ಒಳಗೆ ತಂತಿ ಕಟ್ಟಬೇಕು ಅಂದರೆ ಇಲಾಖೆಯ ಅನುಮತಿ ಬೇಕು. ನಾಮದ ಚಿಲುಮೆಯ ಹತ್ತಿರವೂ ಅದೇ ಮಾತು.

ಕೆಳಗೆ ತಪ್ಪಲಲ್ಲಿ ಪರಿಚಯದವರೊಬ್ಬರ ತೆಂಗಿನ ತೋಟ ಇತ್ತು. ಅಲ್ಲಿ ಅದೇ ರೇಡಿಯೊ ಹಾಕಿದರೆ ಬೇರೆಯೇ ಲೋಕ. ತುಮಕೂರಿನ ಮನೆಯಲ್ಲಿ ರೇಡಿಯೊಗೆ ಬರುವ ಅಲೆಯ ಬಲ ತೋರಿಸುವ ಮೀಟರ್ ಮುಳ್ಳು ಎಸ್‌9ರ ಹತ್ತಿರ ನಿಂತಿರುತ್ತದೆ, ಬರೀ ಗದ್ದಲಕ್ಕೆ. ತೋಟದಲ್ಲಿ ಎಸ್‌3 ದಾಟಲಿಲ್ಲ.

ತೋಟ ಆರಿಸುವಾಗ ಏನು ನೋಡಬೇಕು ಅಂದರೆ, ಮೊದಲು ಟೀಸಿ (ಟ್ರಾನ್ಸ್ ಫಾರ್ಮರ್) ಎಲ್ಲಿದೆ ನೋಡಿ. ಹಳೆಯ ಟೀಸಿ ಪಕ್ಕದಲ್ಲಿ ಕೂತರೆ ರಾತ್ರಿಯಿಡೀ ಗುಂಯ್ ಅನ್ನುವುದನ್ನೇ ಕೇಳಬೇಕು. ಲೈನ್ ಕಂಬಗಳಿಂದ ಆದಷ್ಟು ದೂರ ಹೋಗಿ. ಎರಡನೆಯದು ಸೋಲಾರ್ ಬೇಲಿ. ಹಂದಿ ಕಾಟಕ್ಕೆ ಕಾಡಿನಂಚಿನ ತೋಟಗಳಲ್ಲಿ ಈಗ ಇದು ಜಾಸ್ತಿ. ಸೆಕೆಂಡಿಗೊಮ್ಮೆ ಟಕ್, ಟಕ್ ಅಂತ ರೇಡಿಯೊದಲ್ಲಿ ಬರುತ್ತದೆ. ಮೋರ್ಸ್ ಕೇಳುವವರಿಗೆ ಇದಕ್ಕಿಂತ ದೊಡ್ಡ ಹಿಂಸೆ ಇಲ್ಲ, ಇಲ್ಲದ ಚುಕ್ಕಿಯನ್ನು ತಂದು ಸೇರಿಸುತ್ತದೆ. ಯಜಮಾನರನ್ನು ಕೇಳಿ ಬೆಳಗ್ಗೆ ಒಂದೆರಡು ಗಂಟೆ ಆಫ್ ಮಾಡಿಸಿಕೊಂಡೆವು. ಮೂರನೆಯದು ಥ್ರೀ ಫೇಸ್ ಕರೆಂಟು ಯಾವ ಹೊತ್ತಿಗೆ ಬರುತ್ತದೆ ಅನ್ನುವುದು. ಅದು ಬಂತು ಅಂದರೆ ಆಟೋ ಸ್ಟಾರ್ಟರ್ ಇರುವ ಪಂಪುಗಳೆಲ್ಲ ಒಟ್ಟಿಗೆ ಶುರುವಾಗುತ್ತವೆ. ಯಾವ ವಾರ ಯಾವ ಪಾಳಿ ಅಂತ ರೈತರಿಗೆ ಬಾಯಿಪಾಠ, ಅವರನ್ನೇ ಕೇಳಿ. ನಾವಿದ್ದ ರಾತ್ರಿ ಸಿಂಗಲ್ ಫೇಸೂ ಹೋಯಿತು. ಮನೆಯವರು ಬೈದುಕೊಂಡರು, ನಾವು ಮನಸ್ಸಿನಲ್ಲೇ ಚಪ್ಪಾಳೆ ತಟ್ಟಿದೆವು.

ರೇಡಿಯೊ ವಿಷಯ. ಅಜ್ಜನ ಕಾಲದ ಮರ್ಫಿ, ಫಿಲಿಪ್ಸ್ ತರಬೇಡಿ. ಅದರಲ್ಲಿ ಮೋರ್ಸ್ ಬಂದರೂ ಸ್ವರ ಇರುವುದಿಲ್ಲ, ಬುಸ್ ಬುಸ್ ಅಂತ ಉಸಿರಾಟ ಮಾತ್ರ. ಎಸ್‌ಎಸ್‌ಬಿ ಅಥವಾ ಬಿಎಫ್‌ಒ ಅನ್ನುವ, ಮೋರ್ಸ್ ಸದ್ದಿಗೆ ಸ್ವರ ಕೊಡುವ ಸೌಲಭ್ಯ ಇರುವ ಸೆಟ್ಟೇ ಬೇಕು. ಟೆಕ್ಸನ್‌ನ ಕೈರೇಡಿಯೊಗಳಲ್ಲಿ ಈ ಸೌಲಭ್ಯ ಇರುವವು ಸಿಗುತ್ತವೆ, ನಾವು ಒಯ್ದದ್ದೂ ಅಂಥದ್ದೇ. ಕರೆಂಟಿಗೆ, ಪವರ್ ಬ್ಯಾಂಕಿಗೆ ಸಿಕ್ಕಿಸದೆ ಸೆಲ್ಲಿನ ಮೇಲೇ ಓಡಿಸಿ. ಮೊಬೈಲ್ ಚಾರ್ಜರ್ ಹತ್ತಿರಕ್ಕೂ ತರಬೇಡಿ. ಹೆಡ್‌ಫೋನ್ ಮರೆಯಬೇಡಿ, ಜೀರುಂಡೆಗಳ ಸದ್ದು ಕಮ್ಮಿ ಏನಲ್ಲ.

ಆಂಟೆನಾಗೆ 20 ಮೀಟರ್ ಮಾಮೂಲಿ ವೈರಿಂಗ್ ತಂತಿ ಸಾಕು. ಎರಡು ತೆಂಗಿನ ಮರದ ನಡುವೆ ಪೂರ್ವ-ಪಶ್ಚಿಮವಾಗಿ ಎಳೆದೆವು. ‘ಅಮೆರಿಕ ಪಶ್ಚಿಮಕ್ಕಲ್ವಾ, ಅಡ್ಡಡ್ಡ ಯಾಕೆ ಕಟ್ತಿದ್ದೀರಿ?’ ಅಂದರು ಯಜಮಾನರು. ಒಳ್ಳೆಯ ಪ್ರಶ್ನೆ. ಗ್ಲೋಬಿನ ಮೇಲೆ ದಾರ ಎಳೆದು ನೋಡಿದರೆ ತುಮಕೂರಿನಿಂದ ಕ್ಯಾಲಿಫೋರ್ನಿಯಾಕ್ಕೆ ಹತ್ತಿರದ ದಾರಿ ಉತ್ತರಕ್ಕೆ, ಸ್ವಲ್ಪ ಪೂರ್ವಕ್ಕೆ ವಾಲಿ ಹೋಗುತ್ತದೆ. ಟಿಬೆಟ್, ಚೀನಾ, ಸೈಬೀರಿಯಾ, ಅಲಾಸ್ಕ ದಾಟಿ ಸುಮಾರು 14 ಸಾವಿರ ಕಿ.ಮೀ. ಹಾಗಾಗಿ ತಂತಿಯ ಉದ್ದನೆಯ ಮಗ್ಗುಲು ಉತ್ತರಕ್ಕೆ ಇರಲಿ. ಅದಕ್ಕಿಂತ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ.

ಆಷಾಢದ ಗಾಳಿ ಮರೆಯಬೇಡಿ. ತೆಂಗು ತೂಗಾಡುವಾಗ ಬಿಗಿ ಕಟ್ಟಿದ ತಂತಿ ತುಂಡಾಗುತ್ತದೆ. ಒಂದು ತುದಿಗೆ ಹಗ್ಗ ಸಡಿಲ ಬಿಟ್ಟು, ಕೆಳಗೆ ಇಟ್ಟಿಗೆ ನೇತುಹಾಕಿ. ಗಾಳಿ ಬಂದರೆ ಇಟ್ಟಿಗೆ ಏರಿಳಿಯುತ್ತದೆ, ತಂತಿ ಉಳಿಯುತ್ತದೆ. ನೀವು ಮಾತ್ರ ಮರದ ಕೆಳಗೆ ಕೂರಬೇಡಿ, ಗರಿ ಕಾಯಿ ಎರಡೂ ಬೀಳುತ್ತವೆ. ಜುಲೈನಲ್ಲಿ ಇಲ್ಲಿ ಜೋರು ಮಳೆಗಿಂತ ತುಂತುರೇ ಜಾಸ್ತಿ, ಟಾರ್ಪಾಲಿನ್ ಒಂದಿದ್ದರೆ ಸಾಕು. ಗುಡುಗು ಕೇಳಿಸಿತೋ, ತಂತಿ ಕಿತ್ತು ದೂರ ಎಸೆದು ಮನೆಯೊಳಗೆ ಹೋಗಿ.

ಇನ್ನೊಂದು ಮಾತು. ನಾವು ಹೋಗಿದ್ದು ಕೇಳುವುದಕ್ಕೆ ಮಾತ್ರ. ಕಳಿಸಬೇಕು ಅಂದರೆ ಹ್ಯಾಮ್ (ಹವ್ಯಾಸಿ ರೇಡಿಯೊ) ಲೈಸೆನ್ಸ್ ಬೇಕು. ಲೈಸೆನ್ಸ್ ಇದ್ದವರೂ ಹಡಗಿನ ಬ್ಯಾಂಡಿನಲ್ಲಿ ಕೀಲಿ ಮುಟ್ಟುವಂತಿಲ್ಲ. ರಾತ್ರಿ ಹೊತ್ತಲ್ಲಿ ಅಪರಿಚಿತರು ತೋಟದಲ್ಲಿ ತಂತಿ ಎಳೆದರೆ ಊರವರಿಗೆ ಅನುಮಾನ ಬರುವುದು ಸಹಜ. ಅಕ್ಕಪಕ್ಕದವರಿಗೆ ಮೊದಲೇ ಹೇಳಿ, ಹತ್ತಿರದ ಪೊಲೀಸ್ ಠಾಣೆಗೂ ಒಂದು ಮಾತು ತಿಳಿಸಿ. ನಮ್ಮ ಹತ್ತಿರ ಲೈಸೆನ್ಸ್ ಪ್ರತಿಯೂ ಇತ್ತು, ಯಾರೂ ಕೇಳಲಿಲ್ಲ.

ಮೋರ್ಸ್ ಬರುವುದಿಲ್ಲ ಅಂತ ಹಿಂಜರಿಯಬೇಡಿ. ಮೂರು ಅಕ್ಷರ ಗುರುತಿಸಿದರೆ ಸಾಕು. ಡಿ, ಡಿಟ್ ಅಂದರೆ ಚುಕ್ಕಿಯ ಗಿಡ್ಡ ಸದ್ದು, ಡಾ ಅಂದರೆ ಗೆರೆಯ ಉದ್ದ ಸದ್ದು. ಕೆ: ಡಾ-ಡಿ-ಡಾ. ಪಿ: ಡಿ-ಡಾ-ಡಾ-ಡಿಟ್. ಹೆಚ್: ಡಿ-ಡಿ-ಡಿ-ಡಿಟ್. ಯಾರೂ ಮಾತಾಡದಿರುವಾಗ ಸ್ಟೇಷನ್ ತನ್ನ ಹೆಸರನ್ನೇ ಸುತ್ತಿ ಸುತ್ತಿ ಕಳಿಸುತ್ತಿರುತ್ತದೆ. ಹೆಸರಿಗೆ ಮೊದಲು ‘ವಿ ವಿ ವಿ’ ಅಂತ ಬರುತ್ತದೆ, ಡಿ-ಡಿ-ಡಿ-ಡಾ. ಒಂದು ವಾರ ಮೊದಲಿನಿಂದ ಬಾಯಲ್ಲಿ ಹೇಳಿಕೊಂಡು ಓಡಾಡಿ.

ಬರೆದಿಟ್ಟುಕೊಳ್ಳಬೇಕಾದ ತರಂಗಾಂತರಗಳು ಕಿಲೋಹರ್ಟ್ಸ್‌ನಲ್ಲಿ: 4247, 6477.5, 8642, 12808.5, 17016.8 ಮತ್ತು 22477.5. ನಮ್ಮ ಹೊತ್ತಿಗೆ ಮೊದಲೆರಡನ್ನು ಬಿಟ್ಟುಬಿಡಿ. ದಾರಿಯುದ್ದಕ್ಕೂ ಉತ್ತರದಲ್ಲಿ ಬೇಸಿಗೆಯ ಬಿಸಿಲು, ಅದು ಕೆಳಗಿನ ತರಂಗಗಳನ್ನು ನುಂಗುತ್ತದೆ.

ನಮ್ಮ ಜೊತೆ ಒಬ್ಬರು ನಿವೃತ್ತ ರೇಡಿಯೊ ಆಫೀಸರ್ ಬಂದಿದ್ದರು. ಸರಕು ಹಡಗುಗಳಲ್ಲಿ ಬಹಳ ವರ್ಷ ಇದ್ದವರು. ಹಡಗಿನ ಖಲಾಸಿಗಳು ಅವರನ್ನು ‘ಮಾರ್ಕೋನಿ ಸಾಬ್’ ಅನ್ನುತ್ತಿದ್ದರಂತೆ. ರಾತ್ರಿ ಅವರು ಹೇಳಿದ ಕಥೆಗಳಿಗೇ ಈ ಪ್ರವಾಸ ಸಾರ್ಥಕ. ರೇಡಿಯೊ ರೂಮಿನ ಗಡಿಯಾರದಲ್ಲಿ 15ರಿಂದ 18, 45ರಿಂದ 48 ನಿಮಿಷದ ನಡುವೆ ಕೆಂಪು ಬಣ್ಣ. ಆ ಮೂರು ಮೂರು ನಿಮಿಷ 500 ಕಿಲೋಹರ್ಟ್ಸ್‌ನಲ್ಲಿ ಜಗತ್ತಿನ ಹಡಗುಗಳೆಲ್ಲ ಬಾಯಿ ಮುಚ್ಚಿ ಕೇಳಬೇಕು. ಮುಳುಗುತ್ತಿರುವ ಯಾರದೋ ಸಣ್ಣ ದನಿ ಇದ್ದರೆ ಕೇಳಲಿ ಅಂತ. ಬಾಂಬೆ ರೇಡಿಯೊ ವಿಡಬ್ಲ್ಯೂಬಿ, ಮದ್ರಾಸ್ ರೇಡಿಯೊ ವಿಡಬ್ಲ್ಯೂಎಂ ಅಂತ ಅವರು ಹೆಸರು ಹೇಳುವಾಗ ನೆಂಟರ ಮನೆ ಸುದ್ದಿ ಹೇಳಿದ ಹಾಗಿತ್ತು. ಆ ದನಿಗಳನ್ನು ಉಳಿಸಿಕೊಳ್ಳುವ ಇಂಥದೊಂದು ಸಂಘ ನಮ್ಮಲ್ಲೂ ಇರಬೇಕಿತ್ತು ಅಂತ ನನಗನ್ನಿಸಿತು. 2013ರ ಜುಲೈನಲ್ಲೇ ಅಲ್ವಾ ನಮ್ಮ ಟೆಲಿಗ್ರಾಂ ಕೂಡ ನಿಂತಿದ್ದು? ಕೊನೆಯ ದಿನ ಸಾಲು ನಿಂತು ತಂತಿ ಕಳಿಸಿದೆವು, ಅಲ್ಲಿಗೆ ಮರೆತೆವು.

ಐದೂವರೆಗೆ 12808.5ರಲ್ಲಿ ಏನೂ ಇರಲಿಲ್ಲ. ಇಲ್ಲೇ ಬಹಳ ಜನ ಎದ್ದು ಹೋಗುತ್ತಾರೆ. ಹೋಗಬೇಡಿ. ನಮ್ಮ ಕಡೆ ಆಕಾಶಕ್ಕೆ ಬೆಳಕು ಹತ್ತುವವರೆಗೆ ಮೇಲಿನ ತರಂಗಗಳು ಸರಿಯಾಗಿ ಬಾಗುವುದಿಲ್ಲ. ಆರು ಗಂಟೆಯ ಹೊತ್ತಿಗೆ, ಸೂರ್ಯ ಹುಟ್ಟುವ ಸಮಯಕ್ಕೆ, ತೆಳ್ಳಗೆ ಒಂದು ಸ್ವರ ಎದ್ದಿತು. ನನಗೆ ಅದು ಸಿಳ್ಳೆ ಅಷ್ಟೇ. ಸರ್ ಮಾತ್ರ ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿ ಪೆನ್ಸಿಲ್ ತೆಗೆದುಕೊಂಡರು. ಅವರು ಅಕ್ಷರ ಎಣಿಸುವುದಿಲ್ಲ, ಕೈ ತಾನೇ ಬರೆಯುತ್ತದೆ. ಡಿಇ ಕೆಪಿಹೆಚ್, ಅಂದರೆ ಕೆಪಿಹೆಚ್ ಕಡೆಯಿಂದ. ಸ್ವರ ಮುಳುಗುವುದು, ಏಳುವುದು. ಏಳು ಗಂಟೆಯ ಮೇಲೆ 17016.8ರಲ್ಲಿ ಇನ್ನೂ ಚೆನ್ನಾಗಿ ಬಂತು. ಆಗ ನಾನೂ ಹೆಸರು ಹಿಡಿದೆ. ‘ಇದು ಮಷಿನ್ನು, ಈಗ ನೋಡು ಮನುಷ್ಯನ ಕೈ’ ಅಂದರು ಸರ್ ಒಂದು ಹಂತದಲ್ಲಿ. ನಿಜ, ಲಯ ಬದಲಾಗಿತ್ತು. ಒಬ್ಬೊಬ್ಬ ಆಪರೇಟರ್ ಕೈಗೂ ಒಂದೊಂದು ನಡಿಗೆ ಇರುತ್ತದಂತೆ.

ಎಲ್ಲ ವರ್ಷವೂ ಹೀಗೇ ಸಿಗುತ್ತದೆ ಅನ್ನುವ ಗ್ಯಾರಂಟಿ ಇಲ್ಲ. ಸೂರ್ಯನ ಮೇಲೆ ಕಲೆ ಜಾಸ್ತಿ ಇರುವ ವರ್ಷಗಳಲ್ಲಿ ಅವಕಾಶ ಹೆಚ್ಚು. ಸೌರ ಬಿರುಗಾಳಿ ಬಂದರೆ ಉತ್ತರದ ದಾರಿ ಪೂರ್ತಿ ಬಂದ್. ಕೈಗೆ ಸಿಗದಿದ್ದರೆ ಕ್ಯಾಲಿಫೋರ್ನಿಯಾ ಕಡೆಯ ಇಂಟರ್‌ನೆಟ್ ರಿಸೀವರ್ ಒಂದನ್ನು ಮೊಬೈಲಿನಲ್ಲಿ ತೆರೆದು ಕೇಳಬಹುದು. ಅದಕ್ಕೆ ತೋಟ ಬೇಕಿಲ್ಲ, ತುಮಕೂರೂ ಬೇಕಿಲ್ಲ. ಆದರೆ ಯಾವ ಸದ್ದಿಗೆ ಕಾಯಬೇಕು ಅಂತ ಹೋಗುವ ಮೊದಲೇ ಕಿವಿಗೆ ಪರಿಚಯ ಮಾಡಿಸಲು ಅದು ಒಳ್ಳೆಯದು, ಯಾವುದಾದರೂ ಶನಿವಾರ ಪ್ರಯತ್ನಿಸಿ.

ಮುಗಿಸಿಕೊಂಡು ಹೊರಟರೆ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ. ತಡ ಮಾಡಿದರೆ ಬೆಂಗಳೂರಿನ ಕಾರುಗಳ ಹಿಂದೆ ನಿಲ್ಲಬೇಕು.

ಮಕ್ಕಳು ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಬೇ ಏರಿಯಾದಲ್ಲಿ ಇರುವವರು ನಮ್ಮಲ್ಲಿ ಕಮ್ಮಿ ಇಲ್ಲ. ಅಲ್ಲಿಗೆ ಹೋದಾಗ ಒಂದು ಶನಿವಾರ ಪಾಯಿಂಟ್ ರೇಯ್ಸ್‌ಗೆ ಕರೆದುಕೊಂಡು ಹೋಗಲು ಹೇಳಿ. ಸೈಪ್ರೆಸ್ ಮರಗಳ ಸಾಲಿನ ಕೊನೆಯಲ್ಲಿ ಬಿಳಿಯ ಕಟ್ಟಡ. ಸ್ವಯಂಸೇವಕರು ಒಳಗೆ ಕರೆದು ತೋರಿಸುತ್ತಾರೆ. ಹೊರಡುವ ಮೊದಲು ಅವರ ವೆಬ್‌ಸೈಟಿನಲ್ಲಿ ಆ ವಾರ ತೆರೆದಿದೆಯೇ ನೋಡಿಕೊಳ್ಳಿ.

ಕೇಳಿದ್ದಕ್ಕೆ ವರದಿ ಕಳಿಸಿ. ವಿಳಾಸ ಅವರ ವೆಬ್‌ಸೈಟಿನಲ್ಲೇ ಇದೆ. ತಾರೀಖು, ಜಾಗತಿಕ ಸಮಯ, ತರಂಗಾಂತರ, ಸ್ವರ ಎಷ್ಟು ಗಟ್ಟಿ ಇತ್ತು, ಏನು ಕೇಳಿಸಿತು, ರೇಡಿಯೊ ಮತ್ತು ತಂತಿಯ ವಿವರ ಬರೆಯಿರಿ. ಭಾರತದ ಸಮಯದಿಂದ ಐದೂವರೆ ಗಂಟೆ ಕಳೆದರೆ ಜಾಗತಿಕ ಸಮಯ. ಬೆಳಗ್ಗೆ 5 ಗಂಟೆ 30ಕ್ಕಿಂತ ಮೊದಲು ಕೇಳಿದ್ದಾದರೆ ತಾರೀಖೂ ಒಂದು ದಿನ ಹಿಂದೆ ಹೋಗುತ್ತದೆ. ಅಂಚೆಯಲ್ಲಿ ಕಳಿಸುವುದಾದರೆ ತುಮಕೂರಿನ ಹೆಡ್ ಪೋಸ್ಟ್ ಆಫೀಸಿನಲ್ಲೇ ವಿದೇಶಿ ಅಂಚೆಯ ದರ ಕೇಳಿ ಹಾಕಿ.