ದರಕಿನ ಕಾಲವೂ ಮಂಗನ ಕಾಯಿಲೆಯೂ

2018ರಲ್ಲಿ ಕಲ್ಲಿಕೋಟೆಯ ಕಡೆ ಕಾಣಿಸಿಕೊಂಡ ನಿಫಾ ಸೋಂಕು ಮುಖ್ಯವಾಗಿ ಹರಡಿದ್ದು ಆಸ್ಪತ್ರೆಗಳಲ್ಲಿ, ರೋಗಿಯ ಹತ್ತಿರವಿದ್ದವರಿಗೆ. ಸಂಪರ್ಕಕ್ಕೆ ಬಂದವರನ್ನು ಹುಡುಕಿ ಪ್ರತ್ಯೇಕವಾಗಿರಿಸಿದ್ದರಿಂದ ಅದು ಹತೋಟಿಗೆ ಬಂತು. ಶಿರಸಿ, ಸಿದ್ದಾಪುರ, ಹೊನ್ನಾವರದ ಕಾಡಂಚಿನ ನಮ್ಮನ್ನು ಕಾಡುವ ಮಂಗನ ಕಾಯಿಲೆಗೆ ಈ ಉಪಾಯ ನಡೆಯುವುದಿಲ್ಲ. ಅದು ಮನುಷ್ಯರಿಂದ ಮನುಷ್ಯರಿಗೆ ಹರಡದ ಕಾರಣ, ರೋಗಿಯನ್ನು ಎಷ್ಟು ದೂರವಿಟ್ಟರೂ ಬೆಟ್ಟದಲ್ಲಿರುವ ವೈರಸ್ಸಿಗೆ ಯಾವ ತಡೆಯೂ ಆಗುವುದಿಲ್ಲ.

1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗ, ಹಳದಿ ಜ್ವರ ಭಾರತಕ್ಕೆ ಬಂತೇ ಎಂಬ ಶಂಕೆ ಹುಟ್ಟಿತ್ತು. ಸಿಕ್ಕಿದ್ದು ಹೊಸ ವೈರಸ್ಸು. ಅದನ್ನು ದಾಟಿಸುವುದು ಉಣುಗು, ಅಂದರೆ ಮೈಗಂಟಿ ರಕ್ತ ಹೀರುವ ಪುಟ್ಟ ಹುಳ. ಮಳೆಗಾಲ ಮುಗಿದ ಮೇಲೆ ಮೊಟ್ಟೆಯೊಡೆದು ಬರುವ ಮರಿಗಳು ಇಲಿ, ಮೂಗಿಲಿಗಳಂಥ ಸಣ್ಣ ಪ್ರಾಣಿಗಳ ರಕ್ತ ಹೀರಿ ಬೆಳೆಯುತ್ತವೆ, ಬಲಿತವು ದನಗಳಿಗೆ ಅಂಟಿಕೊಳ್ಳುತ್ತವೆ. ನಡುವಿನ ಹಂತದ, ಕಣ್ಣಿಗೆ ಸುಲಭವಾಗಿ ಬೀಳದ ಎಳೆಯ ಉಣುಗುಗಳೇ ಮನುಷ್ಯರನ್ನು ಹೆಚ್ಚಾಗಿ ಕಚ್ಚುವುದು, ಮತ್ತು ಅವುಗಳ ಕಾಲ ಸುಮಾರು ಡಿಸೆಂಬರಿನಿಂದ ಮೇವರೆಗೆ. ಸೋಂಕು ತಗುಲಿದ ಮಂಗ ಸತ್ತರೆ ಅದರ ಮೈಮೇಲಿನ ಉಣುಗುಗಳೆಲ್ಲ ಕೆಳಗಿಳಿದು ತರಗೆಲೆ ಸೇರುತ್ತವೆ. ಹನುಮಂತನೆಂಬ ಭಕ್ತಿಯಿಂದ ನಾಲ್ಕು ಜನ ಸೇರಿ ಆ ಹೆಣಕ್ಕೆ ಸಂಸ್ಕಾರ ಮಾಡುವ ರೂಢಿ ನಮ್ಮಲ್ಲಿದೆ. ಅಪಾಯ ಅತಿ ಹೆಚ್ಚಿರುವುದು ಅದೇ ಜಾಗದಲ್ಲಿ.

ನಮ್ಮ ಕೃಷಿಯ ಲೆಕ್ಕವೂ ಇದಕ್ಕೆ ಸರಿಯಾಗಿ ಹೊಂದಿಕೊಂಡುಬಿಟ್ಟಿದೆ. ಅಡಿಕೆ ತೋಟವೆಂದರೆ ಅದಕ್ಕೊಂದು ಸೊಪ್ಪಿನ ಬೆಟ್ಟ, ಅಂದರೆ ಸೊಪ್ಪು ತರುವ ಕಾಡು ಬೇಕು, ಕೊಟ್ಟಿಗೆಯಲ್ಲಿ ಹಾಸಲು ದರಕು, ಅಂದರೆ ಉದುರಿದ ಒಣ ಎಲೆ ಬೇಕು, ಆ ದರಕನ್ನು ಗುಡಿಸಿ ತರುವುದು ಎಲೆ ಉದುರುವ ಬೇಸಿಗೆಯಲ್ಲೇ. ಬೆಟ್ಟಕ್ಕೆ ಹೋಗಬೇಡಿ ಎಂಬ ಸೂಚನೆ ಕರಪತ್ರದಲ್ಲಿ ಸರಿ. ಆದರೆ ದಿನಗೂಲಿಗೆ ದರಕು ಹೊರುವ ಹೆಂಗಸಿಗೆ ಅದನ್ನು ಹೇಳುವವರು, ಅವಳ ಅಂದಿನ ಕೂಲಿಯನ್ನು ಯಾರು ಕೊಡುತ್ತಾರೆಂಬುದನ್ನೂ ಹೇಳಬೇಕಾಗುತ್ತದೆ.

ಈ ರೋಗಕ್ಕೆಂದೇ ಔಷಧವಿಲ್ಲ. ಏಕಾಏಕಿ ಜ್ವರ, ತಡೆಯಲಾಗದ ತಲೆನೋವು, ಮೈಕೈನೋವು, ಕೆಲವರಲ್ಲಿ ರಕ್ತಸ್ರಾವ. ಸೋಂಕಿತರಲ್ಲಿ ಸಾಮಾನ್ಯವಾಗಿ ಶೇಕಡಾ 3ರಿಂದ 5ರಷ್ಟು ಮಂದಿ ಸಾಯುತ್ತಾರೆ. ದಶಕಗಳ ಕಾಲ ಕೊಡುತ್ತಿದ್ದ ಹಳೆಯ ಲಸಿಕೆಯ ರಕ್ಷಣೆ ಸಾಲದೆಂದು ಅದನ್ನು ನಿಲ್ಲಿಸಲಾಗಿದ್ದು, ಹೊಸದರ ಕೆಲಸ ನಡೆದಿದೆ. ಸಿದ್ದಾಪುರ ತಾಲೂಕಿನಲ್ಲಿ 2024ರ ಆರಂಭದಲ್ಲಿ ಕಾಯಿಲೆ ಮತ್ತೆ ಜೋರಾದಾಗ ಕೈಯಲ್ಲಿದ್ದುದು ಮುಖ್ಯವಾಗಿ ಉಣುಗು ಕಚ್ಚದಂತೆ ಮೈಗೆ ಹಚ್ಚಿಕೊಳ್ಳುವ ಡೇಪಾ ತೈಲ ಮತ್ತು ಎಚ್ಚರಿಕೆ.

ಹೀಗಿರುವಾಗ ಮುನ್ಸೂಚನೆ ಕೊಡುವುದು ಮುಖ್ಯವಾಗಿ ಸತ್ತ ಮಂಗ. ಅದನ್ನು ಕಂಡವರು ಮುಟ್ಟದೆ ಕೂಡಲೇ ಆಶಾ ಕಾರ್ಯಕರ್ತೆಗೋ ಅರಣ್ಯ ಇಲಾಖೆಯವರಿಗೋ ತಿಳಿಸಿದರೆ ಸುತ್ತಲಿನ ಜಾಗಕ್ಕೆ ಕೀಟನಾಶಕ ಹಾಕಬಹುದು, ಜನರ ಓಡಾಟ ತಡೆಯಬಹುದು. ತೈಲವನ್ನಾದರೂ ಮಂಗ ಸಾಯುವವರೆಗೆ ಕಾಯದೆ, ದರಕು ಗುಡಿಸಲು ಶುರುವಾಗುವ ಮೊದಲೇ, ನವೆಂಬರಿನಲ್ಲಿ ಮನೆಮನೆಗೆ ತಲುಪಿಸಬೇಕೆಂಬುದು ನನ್ನ ಅಭಿಪ್ರಾಯ.