ಬಿಚ್ಚದ ಮಡಿಕೆ

ಪ್ರತಿ ಜೂನ್‌ನಲ್ಲಿ ಮಗನ ಶಾಲೆಯ ಪ್ಯಾಂಟಿನ ಕೆಳಮಡಿಕೆ ಬಿಚ್ಚಿ ಉದ್ದ ಮಾಡುತ್ತೇನೆ. ಕಲಬುರಗಿಯ ಬ್ರಹ್ಮಪುರದ ನಮ್ಮ ಮನೆಯ ಪಡಸಾಲೆಯಲ್ಲೇ ಹೊಲಿಗೆ ಯಂತ್ರವಿದೆ, ಹತ್ತು ನಿಮಿಷದ ಕೆಲಸ. ಈ ವರ್ಷ ಬಿಚ್ಚುವ ಪ್ರಸಂಗವೇ ಬರಲಿಲ್ಲ. ಹಳೆಯ ಪ್ಯಾಂಟು ಕಾಲಿಗೆ ಸರಿಯಾಗಿಯೇ ಇತ್ತು, ಸೊಂಟದಲ್ಲಿ ಸಡಿಲ.

ಅವನಿಗೆ ಒಂಬತ್ತು. ಎಡಿಎಚ್‌ಡಿಗೆ, ಅಂದರೆ ಗಮನ ನಿಲ್ಲದ, ಕೂತಲ್ಲಿ ಕೂರಲಾಗದ ತೊಂದರೆಗೆ, ಮೀಥೈಲ್‌ಫೆನಿಡೇಟ್ ಎಂಬ ಗುಳಿಗೆ ಶುರುವಾಗಿ ಹದಿನಾಲ್ಕು ತಿಂಗಳಾಯಿತು. ಅದಕ್ಕೆ ಮೊದಲು ಅವನು ಕೂತು ಒಂದು ಪುಟ ಮುಗಿಸಿದ್ದನ್ನು ನಾನು ಕಂಡವಳಲ್ಲ. ಈಗ ಓದುತ್ತಾನೆ, ಮರುದಿನ ಅದರ ಬಗ್ಗೆ ಜಗಳವನ್ನೂ ಆಡುತ್ತಾನೆ. ಆದರೆ ಬುತ್ತಿ ಡಬ್ಬಿ ಹೋದಂತೆಯೇ ಮರಳುತ್ತದೆ: ಎಣ್ಣೆಗಾಯಿಯ ರಸ ಹೀರಿ ಮೆತ್ತಗಾದ ರೊಟ್ಟಿ, ಅಂಚಿನಲ್ಲಿ ಒಂದೇ ಕಡಿತ.

"ಆ ಗುಳಿಗೆ ಕೂಸನ್ನು ತಿನ್ನುತ್ತಿದೆ" ಎನ್ನುತ್ತಾರೆ ಅತ್ತೆ. ಅವರ ಬಾಯಿ ಮುಚ್ಚಿಸಲೆಂದೇ ವೈದ್ಯರ ಬಳಿ ಹೋದೆ. ಅವರು ಅರ್ಧ ಅತ್ತೆಯ ಪಕ್ಷವೇ ವಹಿಸಿಬಿಟ್ಟರು! ಈ ಔಷಧಿ ಹಸಿವನ್ನು ಅಡಗಿಸುತ್ತದೆ, ಮೊದಲು ತೂಕ ಏರುವುದು ನಿಲ್ಲುತ್ತದೆ, ಬೆನ್ನಿಗೇ ಎತ್ತರವೂ ನಿಧಾನವಾಗಬಹುದು ಎಂದರು. ಅಮೆರಿಕ ಮತ್ತು ಕೆನಡಾದಲ್ಲಿ ಎಡಿಎಚ್‌ಡಿ ಇರುವ 579 ಮಕ್ಕಳ ಮೇಲೆ ನಡೆದ, ಎಂಟಿಎ ಎಂಬ ಅಧ್ಯಯನದ 2007ರ ವರದಿಯನ್ನೂ ಹೇಳಿದರು: ಹೊಸದಾಗಿ ಔಷಧಿ ಆರಂಭಿಸಿದವರು ಮೂರು ವರ್ಷಗಳಲ್ಲಿ, ಔಷಧಿ ತೆಗೆದುಕೊಳ್ಳದವರಿಗಿಂತ ಸರಾಸರಿ 2 ಸೆಂ.ಮೀ. ಕಡಿಮೆ ಬೆಳೆದಿದ್ದರು, ತೂಕ 2.7 ಕಿಲೊ ಕಡಿಮೆ ಏರಿತ್ತು. ಅಷ್ಟರ ಹೊತ್ತಿಗೆ ಅಂತರ ಹಿಗ್ಗುವುದು ನಿಂತಿತ್ತು.

ಮನೆಗೆ ಬಂದು ಟೇಪಿನ ಮೇಲೆ ಎರಡು ಸೆಂಟಿಮೀಟರಿಗೆ ಉಗುರು ಇಟ್ಟು ನೋಡಿದೆ. ಒಂದು ಇಂಚೂ ಇಲ್ಲ. ನಾನು ಮಡಿಕೆಗೆ ಬಿಡುವ ಬಟ್ಟೆಗಿಂತ ಕಡಿಮೆ. ಅವನು ಓದುವ ಆ ಒಂದು ಪುಟಕ್ಕೆ ಇಷ್ಟು ಕೊಡಲು ನಾನು ತಯಾರು. ಎತ್ತರ ನನ್ನದಲ್ಲವಲ್ಲ, ಹಾಗಾಗಿ ಹೇಳುವುದು ಸುಲಭ ಎಂಬುದೂ ಗೊತ್ತು.

ವೈದ್ಯರು ಗುಳಿಗೆ ನಿಲ್ಲಿಸಲಿಲ್ಲ, ಊಟದ ಹೊತ್ತು ತಿದ್ದಿದರು. ಬೆಳಿಗ್ಗೆ ಗುಳಿಗೆಗೆ ಮೊದಲೇ ಹೊಟ್ಟೆ ತುಂಬಬೇಕು. ಮಧ್ಯಾಹ್ನಕ್ಕೆ ಒತ್ತಾಯವಿಲ್ಲ. (ಕಲಬುರಗಿಯ ಮೇ ತಿಂಗಳ ಮಧ್ಯಾಹ್ನ ಗುಳಿಗೆ ನುಂಗದ ನಮಗೂ ಊಟ ಸೇರುವುದಿಲ್ಲ ಬಿಡಿ.) ತೂಕ ಮೂರು ತಿಂಗಳಿಗೊಮ್ಮೆ, ಎತ್ತರ ಆರು ತಿಂಗಳಿಗೊಮ್ಮೆ ನೋಡಬೇಕು.

ಔಷಧಿಯ ಪ್ರಭಾವ ಇಳಿದ ಮೇಲೆ ಹಸಿವು ಮರಳುತ್ತದೆ. ರಾತ್ರಿ ಒಂಬತ್ತೂವರೆಗೆ, ಪಾತ್ರೆ ತೊಳೆದು ಬೋರಲು ಹಾಕಿದ ಮೇಲೆ ಬಂದು, "ಅವ್ವಾ, ರೊಟ್ಟಿ ಇದೆಯಾ?" ಎನ್ನುತ್ತಾನೆ. ಶೇಂಗಾ ಹಿಂಡಿ, ಮೊಸರು, ಎರಡು ರೊಟ್ಟಿ. ಅತ್ತೆ ಮಂಚದಿಂದಲೇ ಎಣಿಸುತ್ತಾರೆ.

ಮುಂದಿನ ಅಳತೆ ಡಿಸೆಂಬರಿನಲ್ಲಿ. ದಸರೆಗೆಂದು ಹೊಸ ಪ್ಯಾಂಟು ಹೊಲಿದಿದ್ದೇನೆ, ಮಡಿಕೆಗೆ ಎರಡು ಇಂಚು ಬಿಟ್ಟು.