ಎನ್‌ಎಸಿ ದ್ರಾವಣ: ಮಂಡ್ಯದ ಪ್ರಯೋಗ ಎಲ್ಲಿಗೆ ಬಂತು

ಜೂನ್ ಕೊನೆ

ಚರ್ಮಕ್ಕೆ ಹಚ್ಚುವ ಸೀರಮ್‌ಗಾಗಿ ಎನ್-ಅಸಿಟೈಲ್ ಸಿಸ್ಟೀನ್ (ಎನ್‌ಎಸಿ) ಆರಿಸಿಕೊಂಡಿದ್ದೇನೆ. ಸಿಸ್ಟೀನ್ ಎಂಬ ಅಮೈನೋ ಆಮ್ಲಕ್ಕೆ ಅಸಿಟೈಲ್ ಗುಂಪು ಸೇರಿದರೆ ಇದು ಸಿಗುತ್ತದೆ. ಕಫ ಕರಗಿಸಲು, ಪ್ಯಾರಾಸಿಟಮಾಲ್ ಅತಿಯಾಗಿ ನುಂಗಿದವರ ಯಕೃತ್ತನ್ನು ಕಾಪಾಡಲು ಆಸ್ಪತ್ರೆಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ಉತ್ಕರ್ಷಣವನ್ನು (ಆಕ್ಸಿಡೇಷನ್) ತಡೆಯುವ ಇದರ ಗುಣವೆಲ್ಲ ಗಂಧಕವಿರುವ ಥಯಾಲ್ ಗುಂಪಿನಲ್ಲಿದೆ. ಆ ಗುಂಪು ಗಾಳಿಗೂ ಬೇಗ ಸೋಲುತ್ತದೆ. ಹಾಗಾಗಿ ಹಚ್ಚುವ ಹೊತ್ತಿಗೆ ಸೀಸೆಯಲ್ಲಿ ಎಷ್ಟು ಥಯಾಲ್ ಉಳಿದಿರುತ್ತದೆ ಎಂಬುದೇ ನನ್ನ ಮೊದಲ ಪ್ರಶ್ನೆ.

ಅಳೆಯಲು ದುಬಾರಿ ಯಂತ್ರ ಬೇಕಿಲ್ಲ. ಕಾಲೇಜಿನ ಪ್ರಯೋಗಾಲಯದ ಬ್ಯುರೆಟ್ (ಹನಿಹನಿಯಾಗಿ ಅಳೆದು ಬಿಡುವ ಗಾಜಿನ ಕೊಳವೆ), ಅಯೋಡಿನ್ ಮತ್ತು ಪಿಷ್ಟದ ತಿಳಿ ಸಾಕು. ಥಯಾಲ್ ಇರುವವರೆಗೆ ಅಯೋಡಿನ್ ಬಣ್ಣ ಕಳೆದುಕೊಳ್ಳುತ್ತದೆ. ಅದು ಮುಗಿದೊಡನೆ ದ್ರಾವಣ ನೀಲಿಯಾಗುತ್ತದೆ. 0.05 ಮೋಲಾರ್ ಸಾಂದ್ರತೆಯ ಅಯೋಡಿನ್‌ನ ಒಂದು ಮಿಲಿಲೀಟರ್ 16.32 ಮಿಲಿಗ್ರಾಂ ಎನ್‌ಎಸಿಗೆ ಸಮ. ಅಂದರೆ ಶೇ. 1ರ ಹೊಸ ದ್ರಾವಣದ 10 ಮಿಲಿಲೀಟರ್‌ಗೆ ಸುಮಾರು 6.1 ಮಿಲಿಲೀಟರ್ ಅಯೋಡಿನ್ ಇಳಿಯಬೇಕು. ಮೈಸೂರಿನಿಂದ ತಂದ ಪುಡಿ ಈ ಪರೀಕ್ಷೆಯಲ್ಲಿ ಚೆನ್ನಾಗಿ ಗೆದ್ದಿತು.

ಜುಲೈ

ಬರಿಯ ಎನ್‌ಎಸಿ ದ್ರಾವಣ ನಿಂಬೆರಸದಷ್ಟು ಹುಳಿ. ಅದರ ಪಿಎಚ್ (ಹುಳಿಯ ಅಳತೆ, ಕಡಿಮೆಯಾದಷ್ಟೂ ಹುಳಿ ಹೆಚ್ಚು) 2ರಿಂದ 2.8ರ ನಡುವೆ ಇರುತ್ತದೆ. ಚರ್ಮಕ್ಕೆ ಒಗ್ಗಲೆಂದು ಕಾಸ್ಟಿಕ್ ಸೋಡಾ ಹನಿಸಿ 5.5ಕ್ಕೆ ತಂದೆ. ಪಿಎಚ್ ಏರಿದಂತೆಲ್ಲ ಥಯಾಲ್ ಬೇಗ ಉತ್ಕರ್ಷಣಗೊಳ್ಳುತ್ತದೆ, ಆದ್ದರಿಂದ ಅದಕ್ಕಿಂತ ಮೇಲೆ ಹೋಗಲು ನನಗೆ ಮನಸ್ಸಿಲ್ಲ.

ಒಂದೇ ಪುಡಿಯನ್ನು ಎರಡು ನೀರಿನಲ್ಲಿ ಕರಗಿಸಿಟ್ಟೆ. ಒಂದು, ಬಟ್ಟಿ ಇಳಿಸಿದ ನೀರಿಗೆ, ಉತ್ಕರ್ಷಣವನ್ನು ಚುರುಕುಗೊಳಿಸುವ ಲೋಹಗಳನ್ನು ಹಿಡಿದಿಡುವ ಇಡಿಟಿಎ ಚಿಟಿಕೆಯಷ್ಟು ಸೇರಿಸಿದ್ದು. ಇನ್ನೊಂದು, ನಮ್ಮ ಮನೆಯ ಕೊಳವೆ ಬಾವಿಯ ನೀರು. ಬಕೆಟ್ಟಿನ ತಳದಲ್ಲಿ ಕೆಂಗಂದು ಕಲೆ ಕಟ್ಟುವಷ್ಟು ಕಬ್ಬಿಣ ಅದರಲ್ಲಿದೆ. ಎರಡು ವಾರದ ನಂತರ ಮೊದಲನೆಯದು ಇನ್ನೂ 5.9 ಮಿಲಿಲೀಟರ್ ಅಯೋಡಿನ್ ಕುಡಿಯಿತು. ಬಾವಿ ನೀರಿನದು ನಾಲ್ಕು ದಾಟುವ ಮೊದಲೇ ನೀಲಿಯಾಯಿತು. ಕಬ್ಬಿಣ, ತಾಮ್ರ, ರಬ್ಬರ್ ತಾಗದಿರಲಿ ಎಂದು ಉಸಿರಿನ ಮೂಲಕ ಕೊಡುವ ಎನ್‌ಎಸಿ ಔಷಧದ ಸೂಚನೆಯಲ್ಲಿಯೂ ಇದೆ. ಮನೆಯಲ್ಲಿ ಸೀರಮ್ ಕಲಸುವ ಗೆಳೆಯರಿಗೆ ಕೈಮುಗಿದು ಹೇಳುತ್ತೇನೆ: ನಲ್ಲಿ ನೀರು ಬೇಡ.

ಗಾಳಿಯ ಲೆಕ್ಕ ನನಗೆ ಬಹಳ ಹಿಡಿಸಿತು. ನೀರಿನಲ್ಲಿ ಕರಗಿರುವ ಆಮ್ಲಜನಕ ಲೀಟರಿಗೆ ಸುಮಾರು 8 ಮಿಲಿಗ್ರಾಂ, ಶೇ. 1ರ ದ್ರಾವಣದ ಥಯಾಲ್‌ನಲ್ಲಿ ಶೇ. 2ರಷ್ಟನ್ನೂ ಅದು ತಿನ್ನಲಾರದು. ಆದರೆ 100 ಮಿಲಿಲೀಟರ್ ಸೀಸೆ ಅರ್ಧ ಖಾಲಿಯಾದಾಗ ಮೇಲಿನ ಗಾಳಿಯಲ್ಲಿರುವ ಆಮ್ಲಜನಕವೊಂದೇ ಉಳಿದ ಥಯಾಲ್‌ನ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಮುಗಿಸಲು ಸಾಕು. ಮುಚ್ಚಳ ತೆರೆದಾಗಲೆಲ್ಲ ಹೊಸ ಗಾಳಿ ಬೇರೆ ಸೇರುತ್ತದೆ.

ಆಗಸ್ಟ್

ಗಂಧಕದ ಕೆಟ್ಟ ವಾಸನೆ. ನಮ್ಮ ಅತ್ತಿಗೆ ಮೂಸಿ ನೋಡಿ, "ಇದನ್ನು ಹಚ್ಚಿಕೊಂಡು ಮದುವೆ ಮನೆಗೆ ಹೋಗಲು ಆಗುತ್ತದೆಯೇ?" ಎಂದರು. ಸುಗಂಧ ಬೆರೆಸಿ ಮುಚ್ಚುವುದು ನನಗೆ ಒಪ್ಪಿಗೆಯಿಲ್ಲ, ಸೂಕ್ಷ್ಮ ಚರ್ಮದವರಿಗೆ ಅದೇ ತೊಂದರೆ. ಶೇಕಡಾವಾರು ಇಳಿಸಿ ನೋಡುತ್ತಿದ್ದೇನೆ. ಅವರ ಮುಂದಿನ ಪ್ರಶ್ನೆ, "ಬಣ್ಣ ಬಿಳುಪಾಗುತ್ತದೆಯೇ?" ಥಯಾಲ್‌ಗಳು ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್‌ನ ತಯಾರಿಯಲ್ಲಿ ಕೈಯಾಡಿಸಬಲ್ಲವು ಎಂಬುದು ನಿಜ. ಆದರೆ ಆ ಆಸೆ ತೋರಿಸಿ ಯಾರಿಗೂ ಇದನ್ನು ಕೊಡಲಾರೆ. ನಮ್ಮ ಹೆಣ್ಣುಮಕ್ಕಳ ಮೈಬಣ್ಣಕ್ಕೆ ಯಾವ ರಿಪೇರಿಯೂ ಬೇಕಿಲ್ಲ.

ದೊಡ್ಡ ತೊಡಕು ಚರ್ಮದೊಳಗೆ ಇಳಿಯುವುದರಲ್ಲಿದೆ. ಎನ್‌ಎಸಿಯ ಅಣುತೂಕ 163, ಬಹಳ ಚಿಕ್ಕ ಅಣು. ಆದರೂ ಅದರ ಆಮ್ಲ ಗುಂಪಿನ ಪಿಕೆಎ (ಅರ್ಧದಷ್ಟು ಅಣುಗಳು ವಿದ್ಯುದಂಶ ಹೊರುವ ಪಿಎಚ್) ಸುಮಾರು 3.2 ಆದ್ದರಿಂದ ಪಿಎಚ್ 5ರಲ್ಲಿ ಶೇ. 98ರಷ್ಟು ಅಣುಗಳು ಋಣ ವಿದ್ಯುದಂಶ ಹೊತ್ತಿರುತ್ತವೆ. ಹೊರಚರ್ಮದ ಕೊಬ್ಬಿನ ಪದರ ಅಂಥವನ್ನು ಸುಲಭವಾಗಿ ಒಳಬಿಡುವುದಿಲ್ಲ. ಪಿಎಚ್ ಇಳಿಸಿದರೆ ಒಳಹೋಗುವುದು ಹೆಚ್ಚುತ್ತದೆ, ಜೊತೆಗೆ ಉರಿಯೂ ಹೆಚ್ಚುತ್ತದೆ. ಆಮ್ಲ ಗುಂಪನ್ನು ಅಮೈಡ್ (ಸಾರಜನಕವಿರುವ ಗುಂಪು) ಆಗಿಸಿದ ಎನ್‌ಎಸಿ ಅಮೈಡ್‌ಗೆ ಈ ವಿದ್ಯುದಂಶದ ಕಾಟವಿಲ್ಲ. ಅಯೋಡಿನ್ ಪರೀಕ್ಷೆ ಸೀಸೆಯ ಸುದ್ದಿಯನ್ನಷ್ಟೇ ಹೇಳುತ್ತದೆ, ಚರ್ಮದ ಸುದ್ದಿಯನ್ನಲ್ಲ. ಅದಕ್ಕೇ ಇನ್ನೂ ಯಾರ ಮುಖಕ್ಕೂ ಹಚ್ಚಿಸಿಲ್ಲ.

ಈಗ ಶೇ. 0.5ರ ದ್ರಾವಣವನ್ನು ಗಾಳಿ ಒಳಸೇರದ ಪಂಪ್ ಸೀಸೆಗೂ ಸಾಮಾನ್ಯ ಮುಚ್ಚಳದ ಸೀಸೆಗೂ ತುಂಬಿದ್ದೇನೆ. ಎರಡರಿಂದಲೂ ದಿನಾ ಸ್ವಲ್ಪ ಸ್ವಲ್ಪ ತೆಗೆಯುತ್ತಾ ತಿಂಗಳ ಕೊನೆಗೆ ಬ್ಯುರೆಟ್ ಮುಂದೆ ಕೂರುತ್ತೇನೆ. ಪಂಪ್ ಸೀಸೆಯಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಥಯಾಲ್ ಉಳಿದರೆ ಅಮೈಡ್ ತರಿಸುತ್ತೇನೆ.